ಇಪ್ಪತ್ತೆರಡು ಸಹಿಗಳ ನಕಾಶೆ

ಗಂಜಿ ಕುದಿಯುವ ವಾಸನೆ ಬಂದರೆ ನನಗೆ ಈಗಲೂ ಧಾರವಾಡದ ನಮ್ಮ ಹಿತ್ತಲು ನೆನಪಾಗುತ್ತದೆ. ಮೂರು ಕಲ್ಲಿನ ಒಲೆ, ಮಸಿ ಹಿಡಿದ ಹಂಡೆ, ತುಸು ಸಿಹಿ ತುಸು ಹುಳಿ ಬೆರೆತ ಉಗಿ, ಕೋಲಿನಿಂದ ತಿರುವುತ್ತ ನಿಂತ ಅವ್ವ. ನನಗಾಗ ನಾಲ್ಕೋ ಐದೋ ವರ್ಷ. ಹಂಡೆಯೊಳಗೆ ಇಣುಕುವಷ್ಟು ಎತ್ತರವಿರಲಿಲ್ಲ. ಅಪ್ಪ ಇಂಜಿನಿಯರ್ ಕಚೇರಿಗೆ ಉಟ್ಟುಕೊಂಡು ಹೋಗುವ ಧೋತರಕ್ಕೆ ಅವ್ವ ಗಂಜಿ ಕಾಸುತ್ತಿದ್ದಾಳೆ ಎಂದೇ ನಂಬಿದ್ದೆ.

ಆ ನಂಬಿಕೆ ತಪ್ಪೆಂದು ತಿಳಿದದ್ದು ೧೯೬೯ರ ಮಾರ್ಚ್ ೨೯ರಂದು, ಶನಿವಾರ.

ಅಂದು ಬೆಳಿಗ್ಗೆ ಆರಕ್ಕೆ ಮುಂಬಯಿಯ ಆಂಟಾಪ್ ಹಿಲ್‌ನ ಪರಪ್ಪ ಚಾಳಿನಲ್ಲಿದ್ದ ತನ್ನ ಒಂದೇ ಕೋಣೆಯ ಖೋಲಿಯ ಗೂಟಕ್ಕೆ ನೇತು ಹಾಕಿದ್ದ ತಗಡಿನ ನಳಿಕೆಯ ಮುಚ್ಚಳ ತೆಗೆದ. ಒಳಗೆ ನಕಾಶೆ ಇರಲಿಲ್ಲ. ಸುತ್ತಿಟ್ಟ ಖಾಕಿ ಕಾಗದ ಇತ್ತು.

ಎಂಟು ಗಂಟೆಗೆ ಆತ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿದ್ದ. ನಮ್ಮ ಮನೆಯೆಂದರೆ ನಾನು ಮತ್ತು ನನ್ನ ಅಕ್ಕ ಸುಂದ್ರಾಬಾಯಿ. ಅಕ್ಕ ಇಪ್ಪತ್ತೆಂಟು ವರ್ಷ ಹುಡುಗಿಯರ ಹಾಸ್ಟೆಲ್ ನಡೆಸಿದವಳು. ಅಲ್ಲಿ ಕಳೆದುಹೋದ ಬಾಚಣಿಗೆ, ಗಡಿಯಾರ, ಪತ್ರ ಯಾವುದೂ ಅವಳಿಂದ ತಪ್ಪಿಸಿಕೊಂಡದ್ದಿಲ್ಲ. ನಿವೃತ್ತಳಾದ ಮೇಲೂ ಪರಿಚಯದವರು ಏನು ಕಳೆದರೂ ಅವಳ ಹತ್ತಿರ ಬರುತ್ತಿದ್ದರು.

"ಯಾವ ನಕಾಶೆ? ಮೊದಲಿಂದ ಹೇಳು," ಎಂದಳು ಅಕ್ಕ.

ಬಿಜಾಪುರ, ಬೆಳಗಾವಿ ಕಡೆಯ ಇಪ್ಪತ್ತೆರಡು ಕುಟುಂಬಗಳು ಸೊಸೈಟಿ ಮಾಡಿಕೊಂಡು ಚಾಳಿನ ಹಿಂದೆ ಒಂದು ತುಂಡು ಜಾಗ ಪಡೆದಿದ್ದವು. ಗೌಂಡಿಗಳು, ಮಿಲ್ಲಿನವರು, ಇಬ್ಬರು ಕಾರಕೂನರು. ಅಲ್ಲಿ ಮನೆಗೊಂದು ಖೋಲಿ ಕಟ್ಟಿಸುವ ಆಸೆ. ಪರಪ್ಪ ಸೆಕ್ರೆಟರಿ. ಅದೇ ಚಾಳಿನ ಅಣವೀರಪ್ಪ ಫೋರ್ಟ್ ಭಾಗದ ಒಂದು ಕಂಪನಿಯಲ್ಲಿ ನಕಾಶೆ ಬರೆಯುವವನು. ಸಂಜೆ ಹೊತ್ತು ಕೂತು, ಬಿಡಿಕಾಸು ಪಡೆಯದೆ ಇವರಿಗೆ ನಕಾಶೆ ಬರೆದುಕೊಟ್ಟಿದ್ದ. ಅದು ಕಾಗದದ್ದಲ್ಲ. ತಿಳಿನೀಲಿ ಬಣ್ಣದ, ಕಾಗದದಂತೆ ಬಿಗಿಯಾದ ಟ್ರೇಸಿಂಗ್ ಬಟ್ಟೆ. ಅದರ ಮೇಲೆ ಮಸಿಯಿಂದ ಬರೆದು, ಅದರಿಂದ ಪ್ರತಿ ತೆಗೆಸಿ ಅರ್ಜಿಗೆ ಹಚ್ಚಬೇಕು. ಬುಧವಾರ ಇಪ್ಪತ್ತೆರಡು ಜನರೂ ಅದರ ಅಂಚಿಗೆ ಸಹಿ, ಹೆಬ್ಬೆಟ್ಟು ಹಾಕಿದ್ದರು.

ಸರಕಾರ ನಗರ ಯೋಜನೆಯ ಕಾಯಿದೆ ಬದಲಿಸಿದ ಮೇಲೆ ಒಂದರ ಹಿಂದೊಂದು ಹೊಸತು ಬರುತ್ತಿತ್ತು. ಹೊಸ ನಮೂನೆ, ಹೊಸ ಕಾಲಮ್ಮು, ಈಗ ಹೊಸ ಫೀ. ಏಪ್ರಿಲ್ ಒಂದರಿಂದ ಚದರ ಅಡಿಯ ಮೇಲೆ ಫೀ ಎಂದು ಕಚೇರಿಯ ಹಲಗೆಗೆ ಕಾಗದ ಅಂಟಿಸಿದ್ದರು. ಇವರ ಪಾಲಿಗೆ ಅದು ಎಂಟು ಪಟ್ಟು. ಸೋಮವಾರ ಕಿಟಕಿ ಮುಚ್ಚುವುದರೊಳಗೆ ಕೊಟ್ಟ ಅರ್ಜಿಗೆ ಮಾತ್ರ ಹಳೆಯ ದರ.

"ಸೋಮವಾರದೊಳಗ ಮತ್ತೊಂದು ಬರೀಲಿಕ್ಕೆ ಆಗೂದಿಲ್ಲೇನು?" ಅಕ್ಕ ಕೇಳಿದಳು.

"ಅಣವೀರಪ್ಪ ಆಗಲೇ ಬರಿಯಾಕ ಕುಂತಾನ್ರಿ. ಪುಣ್ಯಾತ್ಮ. ಅದರ ಚಿಂತಿಲ್ಲ."

"ಮತ್ತ ಯಾವ ಚಿಂತಿಗೆ ಇಷ್ಟು ದೂರ ಬಂದಿ?"

ಪರಪ್ಪ ನಳಿಕೆಯನ್ನು ಮೊಣಕಾಲ ಮೇಲೆ ಉರುಳಿಸಿದ.

"ಇವತ್ತ ಸಂಜಿ ಐದಕ್ಕ ಮೀಟಿಂಗ್ ಐತ್ರಿ. ಧರ್ಮಣ್ಣನ ಹೆಸರು ಸೊಸೈಟಿಯಿಂದ ಹೊಡದ ಹಾಕ್ತಾರ. ಅಂವನ ಕದ್ದಾನ ಅಂತ ಎಲ್ಲಾರೂ ಅಂತಾರ. ಹೊಡದ ಹಾಕಾಂವ ನಾನು. ಹೆಸರು ಹೋದ್ರ ಅವನ ಖೋಲಿ ಹೋತು. ಮೂರು ಮಕ್ಳದಾವ. ಅಂವ ಕದ್ದಾನೋ ಇಲ್ಲೋ — ನನಗ ಖಾತ್ರಿ ಇಲ್ಲರಿ."

ಖಾತ್ರಿ ಇಲ್ಲವೆಂಬ ಒಂದೇ ಕಾರಣಕ್ಕೆ ಒಂದು ಬಸ್ಸು, ಒಂದು ಲೋಕಲ್ ಹಿಡಿದು ಬಂದಿದ್ದ. ನಾನು ಅವನಿಗೆ ಇನ್ನೊಂದು ಕಪ್ ಚಹಾ ಹಾಕಿದೆ.

"ಧರ್ಮಣ್ಣನ ಮ್ಯಾಲೆ ಯಾಕ ಸಂಶಯ?" ಎಂದಳು ಅಕ್ಕ.

"ನಿನ್ನೆ ಸಂಜಿ ನನ್ನ ಖೋಲಿಗೆ ಬಂದು ಒದರ್ಯಾಡಿದ. ಈ ನಕಾಶೆ ಕಚೇರಿಗೆ ಹೋಗಬಾರದು ಅಂದ. ಇಡೀ ಚಾಳ ಕೇಳೇತಿ."

"ಯಾಕ ಹೋಗಬಾರದಂತ?"

"ಯಾರಿಗ್ಗೊತ್ರಿ? ಅಂವಂದು ಯಾವಾಗಲೂ ತಕರಾರ. ಹೋಗೋ ಮಾರಾಯ ಅಂತ ಕಳಿಸಿದ್ನಿ."

"ಅವನನ್ನ ಒಬ್ಬನ್ನ ಬಿಟ್ಟು ನೀ ಹೊರಗ ಹೋಗಿದ್ದೇನು?"

"ಚಹಾದ ಹಾಲು ತರಾಕ. ಎರಡು ಮಿನಿಟು."

"ಜಗಳಕ್ಕ ಬಂದಾಂವಗ ಚಹಾ?"

"ಮನೀಗೆ ಬಂದಾಂವಲ್ರಿ," ಎಂದ ಪರಪ್ಪ.

ಅಕ್ಕ ನಕ್ಕಳು. "ಬುಧವಾರದಿಂದ ನಳಿಕೆ ಬ್ಯಾರೆ ಯಾರ ಕೈಗೂ ಹೋಗಿಲ್ಲ?"

"ಇಲ್ಲರಿ. ಅಣವೀರಪ್ಪ ಒಂದ ಸಲ ಒಯ್ದಿದ್ದ, ಗುರುವಾರ ಸಂಜಿ. ತಾರೀಖು ಹಾಕೂದು ಮರತೇನಿ ಅಂದ. ಒಂದು ತಾಸಿಗೆ ತಂದುಕೊಟ್ಟ."

"ತಂದ ಮ್ಯಾಲೆ ಒಳಗ ನೋಡಿದ್ಯಾ?"

"ನಾ ಯಾಕ ನೋಡ್ಲಿ? ಬರದಾಂವನ ಅಂವ. ತಾನು ಬರದದ್ದು ತಾನ ಕದಿಯಾಕ ಅವಗೇನು ಹುಚ್ಚ?"

ಅವನೊಡನೆ ಹೊರಟ ನಾವು ದಾದರಿನಲ್ಲಿ ಇಳಿದು ಬಸ್ಸು ಹಿಡಿದೆವು. ಆಂಟಾಪ್ ಹಿಲ್ ಮುಟ್ಟಿದಾಗ ಹನ್ನೊಂದು ಗಂಟೆ. ಪರಪ್ಪ ಚಾಳು ತೋರಿಸಿ ತನ್ನ ಖೋಲಿಗೆ ಹೋದ.

ಧರ್ಮಣ್ಣ ನಲ್ಲಿಯ ಹತ್ತಿರ ಸಿಕ್ಕ. ನಲವತ್ತರ ಗಟ್ಟಿ ಆಳು, ರಸ್ತೆ ಕೆಲಸದ ಕೂಲಿ. ಉಳಿದವರು ಅವನಿಂದ ಮಾರು ದೂರ ನಿಂತಿದ್ದರು. ಆತ ಮಾತ್ರ ಒಬ್ಬ ಮುದುಕಿಯ ಕೊಡ ತುಂಬಿಸಿ ಅವಳ ಬಾಗಿಲ ತನಕ ಒಯ್ದು ಇಟ್ಟು ಬಂದ.

"ಹೌದ್ರಿ, ಅಂದೇನಿ," ಎಂದ ನೇರವಾಗಿ. "ಈ ನಕಾಶೆ ಹೋಗಬಾರದು ಅಂದೇನಿ. ಈಗೂ ಅಂತೇನಿ."

"ಯಾಕ?"

"ಆ ಜಾಗದ ಮುಂದಿನ ರಸ್ತಾ ಅಗಲ ಆಗೂದೈತಿ. ಗೂಟ ಹೊಡದಾರ. ನಾನ ಹೊಡದೇನ್ರಿ ಆ ಗೂಟ, ಪಗಾರದ ಮ್ಯಾಗ. ನಮ್ಮ ಜಾಗದಾಗ ಐದು ಫೂಟ್ ಒಳಗ ಬಂದೈತಿ. ನಕಾಶಿದಾಗ ಗೋಡಿ ಗೂಟ ದಾಟಿ ಹೊಂಟೈತಿ. ಹಂಗ ಕೊಟ್ರ ತಿರಗಿ ಒಗೀತಾರ. ಕಟ್ಟಿದ ಫೀನೂ ಹೋತು. ಆಮ್ಯಾಗ ಹೊಸಾ ದರ."

"ಇದನ್ನ ಪರಪ್ಪಗ ಹೇಳಿದಿ?"

"ಬಾಯಿ ತಗಿಯಾಕ ಬಿಟ್ರಲ್ಲೇನ್ರಿ?"

"ಇವತ್ತು ಮುಂಜಾನೆ, ಎಲ್ಲಾರೂ ಕೂಡಿದಾಗ?"

"ಕಳ್ಳ ಅಂದ ಮ್ಯಾಗ ಯಾಂವ ಕೇಳ್ತಾನ್ರಿ?"

"ಅದಕ್ಕಿಂತ ಮೊದಲ? ಯಾರಿಗಾದ್ರೂ?"

"ಬರದಾಂವಗ ಹೇಳಿದ್ನಿ. ಗುರುವಾರ ಮುಂಜಾನೆ. ಆತು ನೋಡ್ತೀನಿ ಅಂದ ಅಣವೀರಪ್ಪ. ಛಲೋ ಮನಶ್ಯಾ ಅಂವ. ನನ್ನ ಮಗಳಿಗೆ ಲೆಕ್ಕ ಹೇಳಿಕೊಡ್ತಾನ."

ಅಕ್ಕ ಚಾಳಿನ ಕಡೆ ಹೊರಟಳು.

ಅಣವೀರಪ್ಪನದು ಚಾಳಿನ ಕೊನೆಯ ಖೋಲಿ. ಕಿಟಕಿಯ ಬೆಳಕಿಗೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ಐವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ಬಾಣಂತನಕ್ಕೆ ಬಂದ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೀರೆಯ ಜೋಲಿಯಲ್ಲಿ ಮೂರು ವಾರದ ಕೂಸು, ತಲೆಗೆ ಬಿಳಿ ಕುಲಾಯಿ. ಹೆಂಡತಿ ಬಸಲಿಂಗವ್ವ ನನ್ನ ಮೊಣಕಾಲು ನೋವನ್ನು ಕೇಳದೆಯೇ ತಿಳಿದು ಎತ್ತರದ ಮಣೆ ಹಾಕಿದಳು. ಸ್ಟೋವಿನ ಮೇಲೆ ಪಾತೇಲಿಯಲ್ಲಿ ಬಟ್ಟೆ ಕುದಿಯುತ್ತಿತ್ತು.

"ಹಳೇದರ ಪೆನ್ಸಿಲ್ ಕಾಗದ ಇಲ್ಲೇನ್ರಿ?" ಅಕ್ಕ ಕೇಳಿದಳು.

"ಅಳಿಸಿಬಿಟ್ಟೇನ್ರಿ. ನೆನಪಿನಿಂದ ಬರೀಲಿಕ್ಕೆ ಹತ್ತೀನಿ."

"ಖೋಲಿ ಎಷ್ಟು ಉದ್ದ?"

"ಹದಿನಾಲ್ಕು ಅಡಿ." ಹೇಳುವಾಗ ಸ್ಕೇಲನ್ನು ಅಂಕಿಗಳ ಮೇಲೆ ಸರಿಸಿದ.

"ರಸ್ತಾದ ಗೂಟದ ಸುದ್ದಿ ಧರ್ಮಣ್ಣ ನಿಮಗ ಹೇಳಿದ್ನಂತ?"

"ಏನೋ ಅಂದಿದ್ದ. ಗಡಿಬಿಡಿಯೊಳಗಿದ್ದೆ."

"ಅವನ ಮ್ಯಾಲೆ ನಿಮಗೂ ಸಂಶಯ ಅದ?"

ಅಣವೀರಪ್ಪ ಪೆನ್ನು ಕೆಳಗಿಟ್ಟ. "ನಾ ಯಾರ ಹೆಸರೂ ಹೇಳಿಲ್ಲರಿ," ಎಂದ.

ಹೊರಗೆ ಬಂದೆವು. ಅಂಗಳದ ಹಗ್ಗದ ಮೇಲೆ ಅವರ ಬಟ್ಟೆ ಒಣಗುತ್ತಿದ್ದವು. ಕೂಸಿನ ಅಂಗಿ, ಅರಿವೆಯ ತುಂಡುಗಳು, ಅವನ ಎರಡು ಷರಟು. ಅಕ್ಕ ಒಂದೊಂದನ್ನೇ ಬೆರಳಲ್ಲಿ ಹಿಡಿದು ನೋಡಿದಳು. ಎಲ್ಲವೂ ಮೆತ್ತಗಿದ್ದವು.

"ಯಾಕೋ ಅವ್ವನ ನೆನಪಾತು," ಎಂದೆ ನಾನು. "ಒಳಗ ಗಂಜಿ ವಾಸನಿ ಬಂತಲ್ಲ. ಅಪ್ಪನ ಧೋತರಕ್ಕ ಕಾಸ್ತಿದ್ದಳಲ್ಲ, ಅದ ವಾಸನಿ."

ಅಕ್ಕ ನಿಂತುಬಿಟ್ಟಳು.

"ಇಂದೂ, ಅಪ್ಪ ಎಂದಾದ್ರೂ ಗಂಜಿ ಹಾಕಿದ ಧೋತರ ಉಟ್ಟಿದ್ದು ನೋಡೀ ಏನು? ಚುಚ್ಚತದ ಅಂತ ಮುಟ್ಟತಿರಲಿಲ್ಲ."

"ಮತ್ತ ಹಂಡೇದೊಳಗ ಏನಿರ್ತಿತ್ತು?"

"ಹೇಳ್ತೀನಿ. ನಾಲ್ಕಕ್ಕ ಪರಪ್ಪನ್ನ ಕರಕೊಂಡು ಮತ್ತ ಇಲ್ಲೇ ಬರೋಣು."

ನಾಲ್ಕಕ್ಕೆ ಬಂದಾಗ ಅಕ್ಕ ಮೊದಲು ಜೋಲಿಯ ಹತ್ತಿರ ಹೋದಳು.

"ಬಸಲಿಂಗವ್ವ, ಈ ಕುಲಾಯಿ ಅರಿವಿ ಭಾಳ ನಾಜೂಕದ. ಎಲ್ಲಿ ತಂದ್ರಿ?"

"ತಂದದ್ದಲ್ರಿ. ಇವರ ನಕಾಶೆ ಬಟ್ಟಿ. ಮಸಿ ಚೆಲ್ಲಿ ಕೆಟ್ಟತಿ ಅಂತ ಗುರುವಾರ ಕೊಟ್ರು. ಎರಡು ನೀರು ಕುದಿಸಿದ್ರ ನೀಲಿ ಹೋಗಿ ಮಲಮಲ್ ಆಗತೈತಿ. ಉಳಿದದ್ದು ಇವತ್ತ ಕುದಿಸೇನಿ. ನನ್ನ ಮಕ್ಳೆಲ್ಲಾ ಇದರಾಗ ಬೆಳದಾವ್ರಿ." ಹೆಮ್ಮೆಯಿಂದ ಹೇಳಿದಳು. ಆಮೇಲೆ ಗಂಡನ ಮುಖ ನೋಡಿದಳು.

ಅಕ್ಕ ಕೂಸು ಏಳದಂತೆ ಕುಲಾಯಿಯ ಅಂಚನ್ನು ಮಡಿಚಿ ತೋರಿಸಿದಳು. ಹೊಲಿಗೆಯ ಒಳಗೆ ಮಾಸಿದ ಗೆರೆಗಳು ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ಅವುಗಳ ಕೆಳಗೆ ಒಂದು ಹೆಬ್ಬೆಟ್ಟಿನ ನೆರಳು.

ಪರಪ್ಪ ಬಗ್ಗಿ ನೋಡಿದ. "ನಕಾಶಿದಾಗಿನ ನಮ್ಮ ಮೆಟ್ಟಲ," ಎಂದ ಮೆಲ್ಲಗೆ.

"ಮುಂಜಾನೆ ಈ ಮನ್ಯಾಗ ಗಂಜಿ ವಾಸನಿ ಇತ್ತು," ಎಂದಳು ಅಕ್ಕ. "ಹಗ್ಗದ ಮ್ಯಾಲೆ ಗಂಜಿ ಹಾಕಿದ ಒಂದು ಅರಿವಿನೂ ಇರಲಿಲ್ಲ. ಕೂಸಿನ ಬಟ್ಟಿಗೆ ಯಾರೂ ಗಂಜಿ ಹಾಕೂದಿಲ್ಲ. ಅಂದ್ರ ಗಂಜಿ ಬಟ್ಟಿಗೆ ಹೋಗಲಿಕ್ಕೆ ಹತ್ತಿರಲಿಲ್ಲ, ಬಟ್ಟಿಯಿಂದ ಹೊರಗ ಬರ್ತಿತ್ತು. ಟ್ರೇಸಿಂಗ್ ಬಟ್ಟಿ ಬಿಗಿ ಇರೂದ ಗಂಜಿಯಿಂದ. ನಮ್ಮಪ್ಪ ಕಚೇರಿಯ ಹಳೇ ನಕಾಶೆ ತರ್ತಿದ್ರು, ಅವ್ವ ಕುದಿಸಿ ನಮಗ ಕುಲಾಯಿ ಹೊಲೀತಿದ್ದಳು. ಇಂದೂಗ ವಾಸನಿ ನೆನಪಿತ್ತು. ನಾ ಹಂಡೇದೊಳಗ ನೋಡಿದ್ದೆ."

ಅಕ್ಕ ಅಣವೀರಪ್ಪನ ಕಡೆ ತಿರುಗಿದಳು.

"ಗುರುವಾರ ಮುಂಜಾನೆ ಧರ್ಮಣ್ಣ ನಿಮಗ ಗೂಟದ ಮಾತು ಹೇಳಿದ. ಸಂಜಿಗೆ ನೀವು ನಳಿಕೆ ಒಯ್ದ್ರಿ. ತಿರುಗಿ ಬಂದದ್ದು ಖಾಕಿ ಕಾಗದ. ಪರಪ್ಪ ನೋಡಲಿಲ್ಲ, ಯಾಕಂದ್ರ ಬರದಾಂವ ಕದಿಯೂದಿಲ್ಲ. ಈಗ ಆ ಸ್ಕೇಲ್ ಸರಸ್ರಿ. ಹೊಸಾ ನಕಾಶೆಯೊಳಗ ಖೋಲಿ ಎಷ್ಟುದ್ದ?"

"ಹನ್ನೊಂದೂವರಿ," ಎಂದ ಅಣವೀರಪ್ಪ. "ಹಿಂದ ಮುಂದ ಎರಡು ಸಾಲು. ಎರಡೂವರಿ, ಎರಡೂವರಿ ತಗದ್ರ ಐದು ಫೂಟ್ ಬಿಡ್ತದ."

"ಹೇಳಿಬಿಡೂದಿತ್ತಲ್ಲೋ," ಪರಪ್ಪನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು.

"ಹೆಂಗ ಹೇಳ್ಲಿ? ಸಹಿ ಹಾಕೂ ಮುಂದ ಒಬ್ಬೊಬ್ಬರೂ ಹದಿನಾಲ್ಕು ಅಂತ ಬೆರಳಿಟ್ಟು ನೋಡ್ಯಾರ. ಕಪಾಟು ಎಲ್ಲಿ, ದೇವರು ಎಲ್ಲಿ ಅಂತ ಮಾತಾಡ್ಯಾರ. ರಸ್ತಾದ ಗೆರಿ ಸರಕಾರದ ಪಟದೊಳಗಿತ್ತು. ಇಪ್ಪತ್ತಾರು ವರ್ಷದ ಕಸುಬು, ನಾ ನೋಡಲಿಲ್ಲ. ಕಳದ್ರ ಹೊಸಾದಕ್ಕ ಎಲ್ಲಾರೂ ಮತ್ತ ಸಹಿ ಹಾಕ್ತಾರ, ಅವಸರದಾಗ ಯಾರೂ ಅಳಿಯೂದಿಲ್ಲ ಅಂದ್ಕೊಂಡೆ. ಕಳದದ್ದು ಯಾರ ತಪ್ಪೂ ಅಲ್ಲ ಅಂತ ಆಗ್ತಿತ್ತು."

"ಯಾರ ತಪ್ಪೂ ಅಲ್ಲ ಅಂದ್ರ ಜನ ಸುಮ್ಮನಿರೂದಿಲ್ಲರಿ," ಎಂದಳು ಅಕ್ಕ. "ಒಬ್ಬನ್ನ ಹುಡುಕ್ಕೋತಾರ. ಐದಕ್ಕ ಮೀಟಿಂಗ್ ಅದ. ಅಲ್ಲಿ ಇದನ್ನ ಯಾರು ಹೇಳಬೇಕು? ನಾನೋ?"

ಅಣವೀರಪ್ಪ ಗೋಡೆಯ ಗೂಟದ ಮೇಲಿನ ಟೊಪ್ಪಿಗೆ ತೆಗೆದುಕೊಂಡ. "ಬ್ಯಾಡ್ರಿ. ನಾನ ಹೇಳ್ತೀನಿ."

ಹೇಳಿದ. ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಧರ್ಮಣ್ಣ ಒಬ್ಬನೇ ಕಂಬಕ್ಕೆ ಒರಗಿ ನಿಂತಿದ್ದ. ಗದ್ದಲವಾಯಿತು. ಇವನದೇ ಹೆಸರು ಹೊಡೆಯಿರಿ ಎಂದು ಇಬ್ಬರು ಎದ್ದರು. ಪರಪ್ಪ ಧರ್ಮಣ್ಣನ ಕಡೆ ತಿರುಗಿ, "ನೀ ಏನಂತಿ?" ಎಂದ.

ಧರ್ಮಣ್ಣ ಕಂಬ ಬಿಟ್ಟು ಅಣವೀರಪ್ಪನ ಎದುರಿಗೆ ಬಂದ.

"ಹನ್ನೊಂದೂವರಿ ಫೂಟ್‌ನಾಗ ತೊಟ್ಟಲಾ ಹಿಡೀತೈತಿ?"

"ಹಿಡೀತದ," ಎಂದ ಅಣವೀರಪ್ಪ, ನೆಲ ನೋಡುತ್ತ.

"ಹಂಗಾರ ಹೋಗಿ ಬರೀ. ನಾಳೆ ಒಂದ ದಿನ ಐತಿ. ಹೆಸರು ಹೊಡಿಯೂದು ಏನೂ ಬ್ಯಾಡ. ಹೊಡದ್ರ ಬರಿಯಾಂವ ಯಾರು, ನಿಮ್ಮಪ್ಪ?" ಎದ್ದು ನಿಂತಿದ್ದ ಇಬ್ಬರಿಗೆ ಹೇಳಿದ ಮಾತು ಅದು. ಯಾರೋ ನಕ್ಕರು. ಇಬ್ಬರೂ ಕೂತರು.

ಸೋಮವಾರ ಮಧ್ಯಾಹ್ನ ಅರ್ಜಿ ಹಳೆಯ ದರದಲ್ಲಿ ಕಿಟಕಿ ದಾಟಿತು. ಅದನ್ನು ಪರಪ್ಪ ಬಂದು ಹೇಳಿದ. ನಾನು ಕಣ್ಣಾರೆ ಕಂಡದ್ದು ಅದರ ಹಿಂದಿನ ದಿನ, ಭಾನುವಾರ, ನಡೆದದ್ದು.

ಈ ಸಲ ಸಹಿ ಹಾಕುವ ಮೊದಲು ಪ್ರತಿ ಅಳತೆಯನ್ನೂ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಕ್ಕ ಷರತ್ತು ಹಾಕಿದ್ದಳು. ಓದಲು ನನ್ನನ್ನು ಕರೆತಂದಿದ್ದಳು. ಅಣವೀರಪ್ಪ ಬೆಳಗಿನಿಂದ ಹಲಗೆ ಬಿಟ್ಟು ಎದ್ದಿರಲಿಲ್ಲ. ಬಸಲಿಂಗವ್ವ ಕುಲಾಯಿಯನ್ನು ಬಿಚ್ಚಿ ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದಳು. ಒಲೆ ಹಚ್ಚಿರಲಿಲ್ಲ. ಆ ಮನೆಯ ಕಡೆ ಯಾರೂ ಬಂದಿರಲಿಲ್ಲ.

ಮಧ್ಯಾಹ್ನ ಒಂದಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ಧರ್ಮಣ್ಣ. ಕೈಯಲ್ಲಿ ಅರಿವೆ ಕಟ್ಟಿದ ಡಬ್ಬಿ. ರೊಟ್ಟಿ, ಪುಂಡಿಪಲ್ಯದ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂತು. ಆತ ಹಲಗೆಯ ಮೇಲಿನ ಬಟ್ಟೆಯನ್ನು, ರಸ್ತೆಗೆ ಬಿಟ್ಟ ಐದು ಅಡಿಯನ್ನು ಒಮ್ಮೆ ನೋಡಿದ. ಮಸಿಯ ಬಾಟಲಿಗೆ ಮುಚ್ಚಳ ಹಾಕಿ ದೂರ ಸರಿಸಿದ. ಆಮೇಲೆ ಅಣವೀರಪ್ಪನ ಬೆರಳಿಂದ ಪೆನ್ನು ಬಿಡಿಸಿ, ಡಬ್ಬಿಯನ್ನು ಅವನ ಎರಡೂ ಕೈಗೆ ಕೊಟ್ಟ.