ಹೆಲ್ಪ್ ಯುವರ್‌ಸೆಲ್ಫ್ ಫ್ರೀಲಿ

ಕೊಡೆ ಹಿಡಿದ ತಾತ ಇಕ್ಕುಳದಿಂದ ಮೂರನೆಯ ಬನ್ನನ್ನು ಎತ್ತಿ ಕಾಗದದ ಚೀಲಕ್ಕೆ ಹಾಕಿಕೊಂಡರು. ಚೀಲದ ಬಾಯಿ ಮಡಚಿದರು. ಬೇಕರಿಯಲ್ಲಿ ಕೂತಿದ್ದ ಹುಡುಗಿ ಸೂಜಿಯನ್ನು ನೋಡಿ ನಕ್ಕರು. ಆಮೇಲೆ ಗಲ್ಲಾದ ಹತ್ತಿರ ಬರದೆ ನೆಟ್ಟಗೆ ಬಾಗಿಲಿನ ಕಡೆ ಹೊರಟರು.

"ತಾತ, ದುಡ್ಡು..." ಎಂದಳು ಸೂಜಿ.

ತಾತ ನಿಂತರು. ಕೊಡೆಯ ತುದಿಯಿಂದ ಗಾಜಿನ ಕಪಾಟಿನ ಮೇಲಿದ್ದ ರಟ್ಟಿನ ಬೋರ್ಡನ್ನು ತೋರಿಸಿದರು. "ಅಲ್ಲಮ್ಮ, ನೀವೇ ಬರೆದು ಇಟ್ಟಿದೀರಲ್ಲ. ಇವತ್ತು ಅಂಗಡೀಲಿ ಏನೋ ವಿಶೇಷ ಇರ್ಬೇಕು ಅಂದ್ಕೊಂಡೆ."

ಬೋರ್ಡಿನ ಮೇಲೆ ದಪ್ಪ ನೀಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್ ಫ್ರೀಲಿ' ಎಂದು ಬರೆದಿತ್ತು. ಬರೆದವಳು ಸೂಜಿಯೇ. ಸುತ್ತಲೂ ಹೂವಿನ ಬಾರ್ಡರ್ ಬೇರೆ ಹಾಕಿದ್ದಳು.

ಅವಳಿಗೆ ಬೇರೆ ಒಳ್ಳೆಯ ಹೆಸರಿತ್ತು. ಆದರೆ ಅದು ಇದ್ದದ್ದು ಶಾಲೆಯ ಹಾಜರಿಯಲ್ಲಿ ಮಾತ್ರ. ಸಣ್ಣಗೆ ಉದ್ದಕ್ಕೆ ಇದ್ದು, ಎಂಥ ಸಂದಿಯಲ್ಲಾದರೂ ತೂರಿಬಿಡುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಎಂದೇ.

ಹೋದ ವಾರ ಅಪ್ಪ ಬೇಕರಿಯ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ಇಕ್ಕುಳ ಹಿಡಿಯುವುದು, ಚೀಲ ಬಿಡಿಸುವುದು, ಕಟ್ಟಿಕೊಡುವುದು ಎಲ್ಲವೂ ಕಷ್ಟ. ಬಂದವರು ತಮಗೆ ಬೇಕಾದದ್ದನ್ನು ತಾವೇ ತೆಗೆದುಕೊಂಡರೆ ಅಪ್ಪನ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ ಎಂದು ಸೂಜಿಗೆ ಹೊಳೆದಿತ್ತು.

ಅದೇ ವಾರ ಇಂಗ್ಲಿಷ್ ಮಿಸ್ ವಾಕ್ಯದಲ್ಲಿ ಯಾವ ಪದ ಎಲ್ಲಿ ಬರಬೇಕು ಎಂಬ ಹೊಸ ಪಾಠ ಮಾಡಿದ್ದರು. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಅವನಿಗೆ 'ಹೆಲ್ಪ್' ಎಂದು ಹೆಸರಿಟ್ಟರು. ಪಕ್ಕದಲ್ಲಿ ಒಬ್ಬ ಹುಡುಗಿ. ಅವಳು 'ಯುವರ್‌ಸೆಲ್ಫ್'. ಇಬ್ಬರೂ ಕೈ ಕೈ ಹಿಡಿದುಕೊಳ್ಳಬೇಕು. ಸೂಜಿ 'ಫ್ರೀಲಿ' ಆದಳು. ಹೋಗಿ ವಾಕ್ಯದಲ್ಲಿ ಕೂತ್ಕೋ ಎಂದರು ಮಿಸ್. ಸೂಜಿ ಅಭ್ಯಾಸಬಲದಿಂದ ಇಬ್ಬರ ನಡುವೆ ತೂರಿದಳು. ಕ್ಲಾಸೆಲ್ಲ ನಕ್ಕಿತು.

ಈ ಇಬ್ಬರು ಕೈ ಹಿಡಿದಿರುವಾಗ ಮಧ್ಯೆ ಯಾರೂ ನುಗ್ಗಬಾರದು ಎಂದು ಮಿಸ್ ವಿವರಿಸಿದರು. 'ಕ್ವಿಕ್ಲಿ'ಯಂಥವರು ಕೆಲವು ಸಲ ಮುಂದೆಯೂ ಕೂರುತ್ತಾರೆ, ಹಿಂದೆಯೂ ಕೂರುತ್ತಾರೆ. ಮಧ್ಯೆ ಮಾತ್ರ ಜಾಗವಿಲ್ಲ. ಸೂಜಿ ಎದ್ದು ಬೆಂಚಿನ ತುದಿಗೆ ಹೋಗಿ ಕುಳಿತಳು. ವಾಕ್ಯ ಸರಿಯಾಯಿತು. ಮಿಸ್ 'ಗುಡ್' ಎಂದಾಗ ಸೂಜಿ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ ವಾಕ್ಯಕ್ಕೇ ಒಂದು 'ಪ್ಲೀಸ್' ಸೇರಿಸಿ ಬೋರ್ಡಿಗೆ ಇಳಿಸಿದ್ದಳು. ಪಕ್ಕದಲ್ಲಿ ದುಡ್ಡಿಗೆಂದು ಒಂದು ಸ್ಟೀಲ್ ತಟ್ಟೆ ಇಟ್ಟಿದ್ದಳು. ಮಧ್ಯಾಹ್ನದಿಂದ ಸ್ಕೂಲ್ ವ್ಯಾನಿನ ಡ್ರೈವರ್ ಬಂದು ಹೋಗಿದ್ದ. ಟೈಲರ್ ಅಂಗಡಿಯ ಅಕ್ಕ ತಂಗಿಯರು ಬಂದು ಹೋಗಿದ್ದರು. ಇನ್ನೂ ಯಾರು ಯಾರೋ. ಎಲ್ಲರೂ ನಗುನಗುತ್ತಾ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಸೂಜಿ ಹೋಮ್‌ವರ್ಕ್ ಮಾಡುತ್ತಾ ತಲೆ ಎತ್ತಿ ತಾನೂ ನಗುತ್ತಿದ್ದಳು.

ಈಗ ತಟ್ಟೆ ನೋಡಿದಳು. ಎರಡೇ ನಾಣ್ಯ. ಅವೂ ಇಂಗ್ಲಿಷ್ ಓದಲು ಬಾರದ ಹಾಲಿನವನು ಇಟ್ಟು ಹೋದದ್ದು.

ಅವಳ ಮುಖ ನೋಡಿ ತಾತನಿಗೆ ವಿಷಯ ಅರ್ಥವಾಯಿತು. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಜೇಬಿನಿಂದ ದುಡ್ಡು ತೆಗೆದು ತಟ್ಟೆಯಲ್ಲಿಟ್ಟರು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಹೇಳುತ್ತೇನೆ, ಹೆದರಬೇಡ ಎಂದು ಸಮಾಧಾನ ಮಾಡಿ ಹೋದರು.

ಆಗ ಸೂಜಿಯ ಕಣ್ಣು ಫ್ಯಾನಿನ ಕೆಳಗಿದ್ದ ದೊಡ್ಡ ಟ್ರೇ ಮೇಲೆ ಬಿತ್ತು. ಸಂಜೆ ಲೈಬ್ರರಿಯಲ್ಲಿ ಮಕ್ಕಳಿಗೆ ಕತೆ ಓದುವ ಕಾರ್ಯಕ್ರಮವಿತ್ತು. ಅದಕ್ಕೆಂದು ಇಂಗ್ಲಿಷ್ ಮಿಸ್ಸೇ ಆರ್ಡರ್ ಕೊಟ್ಟಿದ್ದ ಬನ್ನುಗಳನ್ನು ಅಪ್ಪ ಅಲ್ಲಿ ಆರಲು ಇಟ್ಟಿದ್ದರು. ಕಪಾಟಿನ ಬನ್ನು ಮುಗಿದ ಮೇಲೆ ಜನ ಅದಕ್ಕೂ ಕೈ ಹಾಕಿದ್ದರು. ಈಗ ಆ ಟ್ರೇಯಲ್ಲಿ ಬರೀ ಎಳ್ಳು ಉಳಿದಿತ್ತು.

ಅಪ್ಪ ಹಿಂದಿನ ಕೋಣೆಯಲ್ಲಿ ಎಡಗೈಯಿಂದ ಓವನ್ ಒರೆಸುತ್ತಿದ್ದರು. ಸೂಜಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೊನೆಗೆ ಬೋರ್ಡನ್ನೇ ತಂದು ಅಪ್ಪನ ಮುಂದೆ ಹಿಡಿದಳು.

"ಚೆನ್ನಾಗಿದೆ. ಏನು ಹಾಗಂದ್ರೆ?" ಎಂದು ಅಪ್ಪ ಕೇಳಿದರು.

"ಧಾರಾಳವಾಗಿ ತಗೊಳ್ಳಿ ಅಂತ. ಎಲ್ಲರೂ ಪುಕ್ಕಟೆ ಅಂದ್ಕೊಂಡು ದುಡ್ಡು ಕೊಡದೇ ಹೋದ್ರು."

ಅಪ್ಪ ಜೋರಾಗಿ ನಕ್ಕರು. "ಮನೆಗೆ ಬಂದೋರಿಗೆ ಹೇಳೋ ಮಾತನ್ನ ಅಂಗಡೀಲಿ ಹೇಳಿದೀಯಲ್ಲೇ. ಧಾರಾಳವಾಗಿ ಅಂದ್ರೆ ಧಾರಾಳವಾಗೇ ತಗೊಂಡ್ರು. ಅವರದ್ದೇನೂ ತಪ್ಪಿಲ್ಲ ಬಿಡು."

ಆದರೆ ಹೊರಗೆ ಬಂದು ಖಾಲಿ ಟ್ರೇ ನೋಡಿದಾಗ ಅವರ ನಗು ನಿಂತಿತು. ಬೆಳಿಗ್ಗೆ ಹಿಟ್ಟು ನಾದಿಕೊಟ್ಟಿದ್ದ ಅತ್ತೆ ತನ್ನ ಮನೆಗೆ ಹೋಗಿಯಾಗಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಅಪ್ಪ ತಮ್ಮ ಬ್ಯಾಂಡೇಜ್ ಕೈಯನ್ನು ನೋಡಿಕೊಂಡರು. ಸೂಜಿ ಆಗಲೇ ಕೈ ತೊಳೆದುಕೊಂಡು ಬಂದು ಹಿಟ್ಟಿನ ಡಬ್ಬದ ಮುಚ್ಚಳ ತೆಗೆಯುತ್ತಿದ್ದಳು.

ಅಪ್ಪ ಹೇಳಿದಷ್ಟು ಹಿಟ್ಟು, ಸಕ್ಕರೆ, ಉಪ್ಪು, ಬೆಚ್ಚಗಿನ ನೀರಿನಲ್ಲಿ ಕದಡಿದ ಈಸ್ಟ್ ಎಲ್ಲ ಬಿತ್ತು. ಸೂಜಿ ಬೆರಳುಗಳಿಂದ ಕಲಸಿದಳು. ಹಿಟ್ಟು ಮೊಣಕೈವರೆಗೂ ಅಂಟಿಕೊಂಡಿತು. ಒಂದು ಕೈಯಿಂದ ಬಿಡಿಸಿಕೊಂಡರೆ ಇನ್ನೊಂದಕ್ಕೆ ಅಂಟುತ್ತಿತ್ತು. ಅಪ್ಪನಿಗೆ ನೋಡಿಕೊಂಡು ನಿಲ್ಲಲು ಆಗಲಿಲ್ಲ. ಮರೆತು ಬಲಗೈಯನ್ನು ಹಿಟ್ಟಿಗೆ ಹಾಕಿದರು. ತಕ್ಷಣ ಹಲ್ಲು ಕಚ್ಚಿ ಹಿಂದೆ ತೆಗೆದರು.

"ಅಪ್ಪ, ನೀನು ಬರೀ ಹೇಳು. ನಾನೇ ನಾದ್ತೀನಿ."

ಅಪ್ಪ ಸ್ಟೂಲ್ ಎಳೆದುಕೊಂಡು ಕುಳಿತರು. ಬೆರಳಲ್ಲಲ್ಲ, ಅಂಗೈ ಬುಡದಿಂದ ಒತ್ತು ಎಂದರು. ಒತ್ತು, ಮಡಚು, ತಿರುಗಿಸು. ಅವಸರ ಬೇಡ. ಸೂಜಿ ಮಣೆ ಹತ್ತಿ ನಿಂತು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಮೊದಮೊದಲು ಹಿಟ್ಟೇ ಗೆದ್ದಿತು. ಆಮೇಲಾಮೇಲೆ ಅದು ಮೆತ್ತಗಾಗಿ, ನುಣುಪಾಗಿ, ಹೇಳಿದ ಮಾತು ಕೇಳತೊಡಗಿತು. ಅಪ್ಪ ಎಡಗೈ ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿದರು. ಗುಳಿ ಮೆಲ್ಲಗೆ ಮೇಲೆದ್ದು ಬಂತು. ಸಾಕು ಎಂದು ತಲೆಯಾಡಿಸಿದರು.

ಒದ್ದೆ ಬಟ್ಟೆ ಮುಚ್ಚಿ ಹಿಟ್ಟನ್ನು ಉಬ್ಬಲು ಬಿಟ್ಟ ಮೇಲೆ ಸೂಜಿ ಬೋರ್ಡಿನಿಂದ ಕೊನೆಯ ಪದವನ್ನು ಕತ್ತರಿಸಿ ತೆಗೆದಳು. ಕೆಳಗೆ ಕನ್ನಡದಲ್ಲಿ 'ದುಡ್ಡು ತಟ್ಟೆಯಲ್ಲಿಡಿ' ಎಂದು ಬರೆದಳು. ಅಷ್ಟರಲ್ಲಿ ವ್ಯಾನ್ ಡ್ರೈವರ್ ಕಿಟಕಿಯಿಂದ ತಲೆ ತೂರಿಸಿ, ಫ್ರೀ ಅಲ್ಲವಂತೆ, ಕೊಡೆ ತಾತ ಹೇಳಿದರು ಎಂದ. ಬನ್ನು ಹೊಟ್ಟೆಯಲ್ಲಿದೆ, ವಾಪಸ್ ಕೊಡಲಾರೆ, ದುಡ್ಡು ತಗೋ ಎಂದು ತಟ್ಟೆಗೆ ಹಾಕಿದ. ಸ್ವಲ್ಪ ಹೊತ್ತಿಗೆ ಟೈಲರ್ ಅಂಗಡಿಯ ತಂಗಿಯೂ ನಗುತ್ತಾ ಬಂದು ಕೊಟ್ಟು ಹೋದಳು. ಬಾರದವರೂ ಇದ್ದರು. ಅದಕ್ಕೆ ಅಪ್ಪ, ಹೋಗಲಿ, ತಿಂದು ಸಂತೋಷಪಟ್ಟಿರುತ್ತಾರೆ ಎಂದರು.

ಸೂಜಿ ಮಾಡಿದ ಉಂಡೆಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದು ಕಪ್ಪೆಯ ಹಾಗೆ ಕೂತಿತ್ತು. ಇನ್ನೊಂದು ಚಪ್ಪಲಿಯ ಹಾಗೆ ಮಲಗಿತ್ತು. ಅವುಗಳ ಮೇಲೆ ಎಳ್ಳು ಉದುರಿಸಿ ಟ್ರೇಯನ್ನು ಓವನ್‌ಗೆ ತಳ್ಳುವಾಗ ಒಂದು ಬದಿ ಅವಳು ಹಿಡಿದಿದ್ದಳು, ಇನ್ನೊಂದು ಬದಿ ಅಪ್ಪನ ಎಡಗೈ.

ಮಿಸ್ ಬಂದಾಗ ಬನ್ನು ಇನ್ನೂ ಒಳಗೇ ಇತ್ತು. ಸೂಜಿ ಹಿಟ್ಟು ಮೆತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಮಿಸ್ ನಗಲಿಲ್ಲ. ಆ ವಾಕ್ಯವನ್ನು ತಮ್ಮಷ್ಟಕ್ಕೇ ಒಮ್ಮೆ ಹೇಳಿ ನೋಡಿದರು.

"ವಾಕ್ಯದಲ್ಲಿ ಒಂದೂ ತಪ್ಪಿಲ್ಲ," ಎಂದರು. "ಯಾವ ಪದ ಎಲ್ಲಿ ಕೂರ್ಬೇಕು ಅಂತ ಹೇಳ್ಕೊಟ್ಟೆ. ಯಾವ ಮಾತನ್ನ ಎಲ್ಲಿ ಹೇಳ್ಬೇಕು ಅಂತ ಹೇಳ್ಕೊಡೋದು ಮರೆತೆ ನೋಡು."

ಲೈಬ್ರರಿಗೆ ಫೋನ್ ಮಾಡಿ, ಮಕ್ಕಳಿಗೆ ಇನ್ನೊಂದು ಕತೆ ಓದುತ್ತಿರಿ, ಬರುವುದು ತಡವಾಗುತ್ತದೆ ಎಂದು ತಿಳಿಸಿದರು. ಆಮೇಲೆ ಸೂಜಿಯ ಪಕ್ಕದಲ್ಲೇ ಕುಳಿತರು. ಬೇಕರಿಯ ತುಂಬ ಬಿಸಿ ಬನ್ನಿನ ವಾಸನೆ ಹರಡಿತು.

ಟ್ರೇ ಹೊರಗೆ ಬಂದಾಗ ಕಪ್ಪೆ ಇನ್ನೂ ದಪ್ಪ ಕಪ್ಪೆಯಾಗಿತ್ತು. ಮಿಸ್ ಅದನ್ನೇ ಆರಿಸಿ, ಊದಿ ಊದಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಅವರ ಹುಬ್ಬು ಮೇಲೇರಿತು.

"ಡಿಡ್ ಯು ಮೇಕ್ ದೀಸ್ ಯುವರ್‌ಸೆಲ್ಫ್?" ಎಂದು ಕೇಳಿದರು.

ಸೂಜಿ ಥಟ್ಟನೆ ಎದ್ದು ನಿಂತಳು. "ಯೆಸ್ ಮಿಸ್. ಐ ಮೇಡ್ ದೆಮ್ ಮೈ..."

ಅಲ್ಲಿಗೆ ಅವಳ ಮಾತು ನಿಂತಿತು. ಕೌಂಟರಿನ ಆ ಕಡೆ ಅಪ್ಪ ಬನ್ನಿನ ಪೆಟ್ಟಿಗೆಗೆ ದಾರ ಕಟ್ಟುತ್ತಿದ್ದರು. ದಾರದ ಒಂದು ತುದಿ ಎಡಗೈಯಲ್ಲಿತ್ತು, ಇನ್ನೊಂದು ಹಲ್ಲಿನಲ್ಲಿ. ಗಂಟು ಮತ್ತೆ ಮತ್ತೆ ಸಡಿಲವಾಗುತ್ತಿತ್ತು.

ಸೂಜಿ ಹೋಗಿ ಗಂಟಿನ ಮೇಲೆ ತನ್ನ ಬೆರಳನ್ನು ಒತ್ತಿ ಹಿಡಿದಳು. ಅಪ್ಪ ದಾರವನ್ನು ಬಿಗಿಯಾಗಿ ಎಳೆದರು.

"ವಿ ಮೇಡ್ ದೆಮ್ ಅವರ್‌ಸೆಲ್ವ್ಸ್, ಮಿಸ್," ಎಂದಳು.

ಅಪ್ಪ ಹಲ್ಲಿನಿಂದ ದಾರ ಬಿಟ್ಟು, ಏನು ಹೇಳಿದೆ ಎಂದು ಕೇಳಿದರು.

"ಏನಿಲ್ಲ ಅಪ್ಪ. ನಾವೇ ಮಾಡಿದ್ವಿ ಅಂತ."