ಎಡಗಡೆಯ ಸೀಟು

ಸುಜನನ ಬಿಳಿ ಕಾರು ರಬಾಳೆಯ ಕಾರ್ ಸ್ಟೀರಿಯೊ ಅಂಗಡಿಯ ಮುಂದೆ ಮೂರನೆಯ ಸಲ ಬಂದು ನಿಂತಾಗ ಪೂಜಿತಾ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟಳು.

“ಎಂಥ ಪೂಜಾ, ಅದೇ ಗಾಡಿ ಪುನಃ ಬಂತಲ್ಲ?” ಅಂಗಡಿಯ ಯಜಮಾನ, ಅವಳ ಸೋದರಮಾವ ಲೀಲಾಧರ ಕನ್ನಡಕದ ಮೇಲಿಂದ ನೋಡಿದರು. “ಇವತ್ತೂ ಸರಿಯಾಗದಿದ್ರೆ ಟ್ಯೂನಿಂಗನ್ನೂ ವೈರಿಂಗ್ ಮಾಡುವ ಹಿತೇಶನೇ ನೋಡ್ಲಿ. ನೀನು ಕೌಂಟರಿನಲ್ಲಿ ಕೂತ್ಕೊ.”

ಅವರು ಬೈದಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಮಾವನನ್ನು ಕಾಡಿ ಬೇಡಿ ಪಡೆದ ಕೆಲಸ ಅದು. ತನ್ನ ಕಿವಿಯ ಮೇಲೆ ಅವಳಿಗೆ ಮೊದಲೇ ನಂಬಿಕೆ ಕಡಿಮೆ.

ಕ್ರಾಸ್‌ಓವರ್ ಎಂದರೆ ಸದ್ದನ್ನು ಪಾಲು ಮಾಡುವುದು. ದಪ್ಪ ಸದ್ದು ಡಿಕ್ಕಿಯ ವೂಫರಿಗೆ, ಹಾಡು ಬಾಗಿಲಿನ ಸ್ಪೀಕರಿಗೆ, ಚೂಪು ಸದ್ದು ಮೇಲಿನ ಟ್ವೀಟರಿಗೆ. ಪಾಲಾದದ್ದು ಮಾತ್ರ ಕೇಳುವವರಿಗೆ ಗೊತ್ತಾಗಬಾರದು.

ಸುಜನ್ ಡೊಂಬಿವಲಿಯ ಯಕ್ಷಗಾನ ಮಂಡಳಿಯಲ್ಲಿ ಮದ್ದಳೆ ಬಾರಿಸುವವನು. ಕೇಳಿ ನೋಡಲು ತಮ್ಮದೇ ರೆಕಾರ್ಡಿಂಗ್ ಹಾಕುತ್ತಿದ್ದ. ಮೊದಲ ಸಲ, “ಭಾಗವತರು ಡಿಕ್ಕಿಯಲ್ಲಿ ಕೂತು ಹಾಡಿದ ಹಾಗೆ ಉಂಟಲ್ಲ?” ಎಂದಿದ್ದ. ಅವಳು ನಕ್ಕು, ವೂಫರಿನ ಗಡಿಯನ್ನು ಕೆಳಗಿಳಿಸಿ ಭಾಗವತರನ್ನು ಮುಂದೆ ಕರೆತಂದಿದ್ದಳು. ಎರಡನೆಯ ಸಲ, ಚೆಂಡೆ ಎಡಗಿವಿಗೆ ಚುಚ್ಚುತ್ತದೆ ಎಂದ. ಟ್ವೀಟರನ್ನು ತಗ್ಗಿಸಿದ್ದಳು.

ಇವತ್ತೂ ಅವಳು ಡ್ರೈವರ್ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಳು. ಅವನು ಎಂದಿನಂತೆ ಎಡಗಡೆ. ಅವಳು ಕಣ್ಣು ಮುಚ್ಚಿ ಕೇಳಿದರೆ, ಮೊಣಕಾಲಿನ ಮೇಲೆ ತಾಳ ಹಾಕುವ ಅವನ ಬೆರಳು ನಿಲ್ಲುತ್ತಿತ್ತು. ಕಣ್ಣು ತೆರೆದರೆ ಅವನಿಗೆ ತಟ್ಟನೆ ಕಿಟಕಿಯ ಹೊರಗೆ ಏನೋ ಕಾಣಿಸುತ್ತಿತ್ತು.

“ಎಲ್ಲ ಎಡಬಾಗಿಲಿಗೆ ವಾಲಿದ ಹಾಗೆ,” ಎಂದ.

ಅವಳಿಗೋ, ಭಾಗವತರು ಸ್ಟೇರಿಂಗಿನ ನೇರಕ್ಕೇ ಕೂತಿದ್ದರು. “ನನಗೆ ಸರಿ ಕೇಳ್ತದೆ. ನನ್ನ ಕಿವಿಯೇ ಸರಿ ಇಲ್ವೇನೋ.”

“ಛೆ, ಹಾಗಲ್ಲ.”

ಅವನ ದನಿಯಲ್ಲಿದ್ದ ಗಾಬರಿ ಕೇಳಿ ಅವಳು ತಿರುಗಿ ನೋಡಿದಳು. ಅವನನ್ನು, ಅವನು ಕೂತ ಜಾಗವನ್ನು. “ಒಮ್ಮೆ ನೀವು ಈಚೆ ಬನ್ನಿ. ನಾನು ಅಲ್ಲಿ ಕೂರ್ತೇನೆ.”

ಎಡಗಡೆ ಕೂತಾಗ ಹಾಡೆಲ್ಲ ಅವಳ ಪಕ್ಕದ ಬಾಗಿಲಿಗೇ ಅಂಟಿಕೊಂಡಿತು. ಆಗ ಹೊಳೆಯಿತು. ಎಲ್ಲ ಸ್ಪೀಕರುಗಳ ಸದ್ದು ಒಟ್ಟಿಗೆ ಮುಟ್ಟುವಂತೆ ಅವಳು ಹೊಂದಿಸಿದ್ದು ಓಡಿಸುವವನ ಕಿವಿಗೆ. ಅವನು ಕೇಳಿ ತಪ್ಪು ಹುಡುಕಿದ್ದು ಇಲ್ಲಿಂದ. ಅವಳ ಕಿವಿಯೂ ಸರಿ, ಅವನ ಕಿವಿಯೂ ಸರಿ.

“ಮತ್ತೆ ನೀವೇ ಓಡಿಸುವಾಗ ಸರಿ ಕೇಳ್ಲಿಲ್ವಾ?”

ಸುಜನ್ ಸ್ಟೇರಿಂಗಿನ ಮೇಲೆ ಬೆರಳಾಡಿಸಿದ. “ಕೇಳ್ತು. ಹೋದ ಸಲ ಇಲ್ಲಿಂದ ಮನೆಗೆ ಹೋಗ್ತಾ ಐರೋಲಿ ಸಿಗ್ನಲ್ ದಾಟುವಾಗಲೇ ಗೊತ್ತಾಯ್ತು.”

“ಹಾಗಾದ್ರೆ ಇವತ್ತು ಯಾಕೆ ಬಂದ್ರಿ?”

“ಬೇರೆ ನೆವ ಸಿಗ್ಲಿಲ್ಲ.”

ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಸಿಟ್ಟೂ ಬಂತು. “ನಿಮ್ಮ ನೆವಕ್ಕೆ ನನ್ನ ಕೆಲಸ ಹೋಗ್ತಿತ್ತು ಮಾರಾಯ್ರೆ. ಮಾವ ನನ್ನನ್ನು ಕೌಂಟರಿನಲ್ಲಿ ಕೂರಿಸ್ತಾರಂತೆ.”

ಅವನ ಮುಖ ಬಿಳುಚಿತು. ಬಾಗಿಲು ತೆರೆದು ನೇರ ಅಂಗಡಿಯೊಳಗೆ ನಡೆದ. ಇಳಿಸಿದ ಕಿಟಕಿಯಿಂದ ಅವಳಿಗೆ ಎಲ್ಲ ಕೇಳಿಸಿತು.

“ಲೀಲಾಧರಣ್ಣ, ಟ್ಯೂನಿಂಗ್ ಹೋದ ಸಲವೇ ಸರಿ ಇತ್ತು. ನಾನೇ ಸುಳ್ಳು ಹೇಳಿ ಬಂದೆ. ಪೂಜಿತಾರನ್ನು ನೋಡ್ಲಿಕ್ಕೆ.”

ಮಾವ ಕನ್ನಡಕ ತೆಗೆದು ಒರೆಸಿದರು. “ನೋಡಿ ಆಯ್ತಾ, ಇನ್ನೂ ಉಂಟಾ?”

“ಇನ್ನೂ ಉಂಟು.”

“ಹಿತೇಶ್,” ಮಾವ ಒಳಗೆ ಹಿಂದಿಯಲ್ಲಿ ಕೂಗಿ ಹೇಳಿದರು, “ನೀನು ವೈರಿಂಗ್ ಮಾತ್ರ ನೋಡು. ಟ್ಯೂನಿಂಗ್ ಪೂಜಾದೇ.”

ಸುಜನ್ ತಿರುಗಿ ಬಂದಾಗಲೂ ಅವಳು ಎಡಗಡೆಯೇ ಕೂತಿದ್ದಳು.

“ಎರಡೂ ಸೀಟಿಗೆ ಹೊಂದಿಸ್ಲಿಕ್ಕೆ ಆಗ್ತದಾ?” ಅವನು ಮೆಲ್ಲಗೆ ಕೇಳಿದ.

“ಆಗ್ತದೆ. ಆದ್ರೆ ನಿಮ್ಮ ಕಡೆ ಸ್ವಲ್ಪ ಕೆಡ್ತದೆ.”

“ಕೆಡ್ಲಿ.”

“ಈ ಕಡೆ ಯಾರು ಕೂರುದು, ಹೇಳಿ. ಅವರ ಎತ್ತರ ನೋಡಿ ಇಡ್ಬೇಕು.”

“ಈಗ ಕೂತವರ ಎತ್ತರಕ್ಕೇ ಇಡಿ.”

ಪೂಜಿತಾ ಬಗ್ಗಿ, ಸೀಟಿನ ಕೆಳಗಿನ ಹಿಡಿ ಎತ್ತಿ, ತನ್ನ ಕಾಲಿಗೆ ಹೊಂದುವಷ್ಟು ಸೀಟನ್ನು ಮುಂದಕ್ಕೆ ಎಳೆದುಕೊಂಡಳು.