ದೊಡ್ಡಮ್ಮ ನಿಂತಿದ್ದ ಜಾಗ

ಅತಿಬುದ್ಧಿ ಅಂದರೆ ನನ್ನದೇ. ಹೇಳಿದಷ್ಟು ಮಾಡಿಕೊಂಡಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ.

ಮುಚ್ಚಿಹೋಗಿದ್ದ ಬಟ್ಟೆ ಗಿರಣಿಯನ್ನು ಕೆಡವದೆ, ಕೆಳಗೆ ಅಂಗಡಿಗಳು, ಮೇಲೆ ಕೈಕೆಲಸದವರಿಗೆ ವರ್ಕ್‌ಶಾಪ್‌ಗಳು ಮಾಡುತ್ತಿದ್ದೆವು. ನಾನು ಬಡಗಿ, ಕೆಲಸ ಮಾಡಿಸುತ್ತಿದ್ದವರು ಆರ್ಕಿಟೆಕ್ಟ್ ಮೇಡಂ. ಹಳೆಯ ಇಟ್ಟಿಗೆ, ಹಳೆಯ ಕಿಟಕಿ, ಒಂದನ್ನೂ ಎಸೆಯಲು ಬಿಡುತ್ತಿರಲಿಲ್ಲ. ಡೊಂಕು ಮೊಳೆಯನ್ನು ನೆಟ್ಟಗೆ ಮಾಡಿಕೊಟ್ಟರೆ ಓರೆಗಣ್ಣಲ್ಲಿ ನೋಡಿ ನಗುತ್ತಿದ್ದರು. ಆ ನಗುವಿಗಾಗಿ ಎಷ್ಟು ಮೊಳೆ ಬಡಿದೆನೋ, ಬೆರಳುಗಳನ್ನೇ ಕೇಳಬೇಕು.

ಅವರು ನಾಲ್ಕು ದಿನ ರಜೆ ಹಾಕಿದಾಗ ಮೇಲಿನ ಹಾಲ್‌ನ ಮರದ ನೆಲ ನನ್ನ ಕಣ್ಣಿಗೆ ಬಿತ್ತು. ಮಗ್ಗಗಳಿದ್ದ ಕಡೆಯೆಲ್ಲ ಜೋಡಿ ಜೋಡಿ ತಗ್ಗುಗಳು. ಮರದ ತುಂಡು ಕೂರಿಸಿ, ಉಜ್ಜಿ, ನೆಲವನ್ನು ಕನ್ನಡಿ ಮಾಡಿಟ್ಟೆ. ಬಂದು ಮೆಚ್ಚಲಿ ಎಂಬ ಆಸೆ.

ಬಂದರು, ನೋಡಿದರು, ಮುಖ ಸಪ್ಪಗಾಯಿತು. ಅವು ನೇಯುವವರು ನಿಂತು ನಿಂತು ಸವೆಸಿದ ಜಾಗಗಳಂತೆ. ಅವರ ದೊಡ್ಡಮ್ಮ ಮೂವತ್ತು ವರ್ಷ ಅಲ್ಲಿ ನಿಂತಿದ್ದವರು. ಮರುವಾರ ದೊಡ್ಡಮ್ಮನನ್ನು ಕರೆತಂದು ಆ ಗುರುತು ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾತೇ ಬಿಟ್ಟರು. ತಿಂಗಳ ಕೊನೆಗೆ ಅವರು ಬೇರೆ ಊರಿನ ಕೆಲಸಕ್ಕೆ ಹೊರಡುವವರು. ಹೀಗೇ ಹೋಗಿಬಿಟ್ಟರೆ ಎಂದು ನನಗೆ ಊಟ ಸೇರಲಿಲ್ಲ.

ದೊಡ್ಡಮ್ಮ ಕೋಲೂರಿಕೊಂಡು ಬಂದೇಬಿಟ್ಟರು. ಹಾಲ್‌ನ ಉದ್ದಕ್ಕೂ ಬರಿಗಾಲಲ್ಲಿ ನಡೆದರು. ನಾನು ಕೈಕಟ್ಟಿ ನಿಂತು ತಪ್ಪೊಪ್ಪಿಕೊಂಡೆ.

“ಮುಚ್ಚಿದ್ದು ನೀನಾ? ನಿನ್ನ ಹೊಟ್ಟೆ ತಣ್ಣಗಿರಲಿ. ಆ ಗುಂಡಿಲಿ ನಿಂತು ನಿಂತೇ ನನ್ನ ಮಂಡಿ ಹೋಗಿದ್ದು. ಮುಚ್ಚಿಸಿ ಮುಚ್ಚಿಸಿ ಅಂತ ಗೋಗರೆದ್ರೂ ಆಗ ಯಾರೂ ಕೇಳ್ಲಿಲ್ಲ.”

ಆರ್ಕಿಟೆಕ್ಟ್ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ದೊಡ್ಡಮ್ಮ ಕಿಟಕಿಯತ್ತ ಸರಿದರು.

“ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?” ಎಂದರು ಆರ್ಕಿಟೆಕ್ಟ್, ಮೆಲ್ಲಗೆ.

“ನೀವು ನೋಡಿ ಖುಷಿಪಡ್ಲಿ ಅಂತ ಮಾಡ್ದೆ. ನಿಮ್ಮ ಮೇಲೆ ಮನಸ್ಸಾಗಿ ತುಂಬ ದಿನ ಆಯ್ತು.”

ಅವರ ನೋಟ ನೆಲದಿಂದ ನನ್ನ ಹೊಟ್ಟು ಮೆತ್ತಿದ ಅಂಗಿಗೆ, ಅಲ್ಲಿಂದ ನಿಧಾನವಾಗಿ ಮುಖಕ್ಕೆ ಬಂತು. ಅವರ ಕೆನ್ನೆ ಕೆಂಪಾಗಿತ್ತು.

“ಇನ್ಮೇಲೆ ನನ್ನ ಕೇಳ್ದೆ ಏನೂ ಮಾಡ್ಬೇಡಿ.”

“ತಿಂಗಳ ಕೊನೆವರೆಗಾ?”

“ಜೀವನಪೂರ್ತಿ.”

“ನಂಗೊಂದು ಕುರ್ಚಿ ತರೋಕೂ ಇವಳನ್ನ ಕೇಳ್ಬೇಕೇನಪ್ಪ?” ಎಂದರು ದೊಡ್ಡಮ್ಮ, ಕಿಟಕಿಯಿಂದ ತಿರುಗದೆ.

ನಾನು ಆರ್ಕಿಟೆಕ್ಟ್ ಮುಖ ನೋಡಿದೆ. ಅವರು ಹೂಂ ಎಂದ ಮೇಲೆಯೇ ಕುರ್ಚಿ ತರಲು ಹೋದೆ.